ನೀರು ಕುಡಿದು ಎಣ್ಣೆ ಹಾಡು ಹಾಡುವುದು ಹೇಗೆ

ನಾನು ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವವನು. ಸಂಜೆ ಹೊತ್ತು ಗಿಟಾರ್ ಹಿಡಿಯುತ್ತೇನೆ. ಅಮೆರಿಕದ ಕಂಟ್ರಿ, ಅಂದರೆ ಹಳ್ಳಿಗಾಡಿನ ಹಾಡುಗಳಲ್ಲಿ ಒಂದು ಜಾತಿ ಇದೆ. ಎರಡು ಪೆಗ್ ಒಳಗೆ ಹೋದ ಕೂಡಲೇ ‘ನನ್ನ ಬಿಟ್ರೆ ಯಾರಿಲ್ಲ’ ಅನ್ನುವವನ ಹಾಡು. ಅಂಥವರು ನಮ್ಮಲ್ಲೂ ಇದ್ದಾರೆ, ಅಲ್ವಾ? ಹಾಗಾಗಿ ಅದನ್ನು ಕನ್ನಡದಲ್ಲಿ ಕಟ್ಟುವುದು ಕಷ್ಟವಲ್ಲ.

ಜಿ, ಸಿ, ಡಿ. ಮೂರೇ ಕಾರ್ಡ್ ಸಾಕು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಮೂರೇ ಗುಂಪು. ಸುಮ್ನೆ ಬಾರಿಸಬೇಡಿ. ಜಿ ಹಿಡಿದಾಗ ಹೆಬ್ಬೆರಳಲ್ಲಿ ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪನೆಯದು, ಆಮೇಲೆ ಕೆಳಗಿನ ತಂತಿಗಳಿಗೆ ಒಂದು ಏಟು. ಮತ್ತೆ ನಾಲ್ಕನೇ ತಂತಿ, ಮತ್ತೆ ಏಟು. ಧುಂ-ಚಿಕ್, ಧುಂ-ಚಿಕ್. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ತೆಗೆದ ಮೇಲೆ ‘ಹಾಂಕಿ ಟಾಂಕ್’ ಅನ್ನುವ ಸಣ್ಣ ಬಾರುಗಳು ಜಾಸ್ತಿಯಾದವು. ಅಲ್ಲಿನ ಗಲಾಟೆಯಲ್ಲಿ ನಾಜೂಕು ಯಾರಿಗೆ ಕೇಳುತ್ತದೆ? ಗಟ್ಟಿ ತಾಳ, ಎಲೆಕ್ಟ್ರಿಕ್ ಗಿಟಾರ್ ಬೇಕಾಯಿತು. ನಮಗೆ ಹೋಂಸ್ಟೇ ಜಗಲಿ, ಹೆಂಚಿನ ಮೇಲೆ ಮಳೆ. ತಾಳ ಇಲ್ಲೂ ಗಟ್ಟಿಯೇ ಬೇಕು. ಮಳೆಗಾಲದ ಥಂಡಿಗೆ ಶ್ರುತಿ ನಿಲ್ಲುವುದಿಲ್ಲ. ಹಾಡುವ ಮುಂಚೆ ಇನ್ನೊಂದು ಸಲ ನೋಡಿಕೊಳ್ಳಿ.

ಇನ್ನು ಸಾಹಿತ್ಯ. ‘ನಾನು ಶೂರ’ ಅಂತ ಬರೆದರೆ ಯಾರೂ ನಗುವುದಿಲ್ಲ. ಊರಿನ ಯಾವುದಾದರೂ ಒಂದನ್ನು ಅವನ ಬಾಯಲ್ಲಿ ಸುಳ್ಳು ಮಾಡಿ. ನನ್ನ ಪಲ್ಲವಿ ಇದು:

ಎರಡು ಪೆಗ್ಗು ಒಳಗೆ ಹೋದ್ರೆ
ಚಾರ್ಮಾಡಿ ಘಾಟಿ ನೇರ ರಸ್ತೆ!

ಕೊಟ್ಟಿಗೆಹಾರ ದಾಟಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದು ಚರಣಕ್ಕೂ ಒಂದು ಪೆಗ್ ಏರಿಸಿ, ಬಡಾಯಿಯೂ ಏರಲಿ. ಮೂರನೇದಕ್ಕೆ ಆನೆಗೆ ದಾರಿ ಬಿಡು ಅನ್ನಲಿ, ನಾಲ್ಕನೇದಕ್ಕೆ ಮಾವನ ಹತ್ತಿರ ತೋಟದ ಪಾಲು ಕೇಳಲಿ.

ಹಾಡುವಾಗ ತೊದಲಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಟೈಟಾದವನು ನೆಟ್ಟಗಿದ್ದೇನೆ ಅಂತ ತೋರಿಸಲು ಎಷ್ಟು ಒದ್ದಾಡುತ್ತಾನೆ ನೋಡಿದ್ದೀರಾ? ಒಂದೊಂದು ಅಕ್ಷರವನ್ನೂ ಬಿಡಿಸಿ, ಒತ್ತಿ ಹೇಳುತ್ತಾನೆ. ಹಾಗೇ ಹಾಡಿ. ನಗಬೇಡಿ, ಕಣ್ಣು ಹೊಡೆಯಬೇಡಿ.

ಹಾಗೆಯೇ ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಳ್ಳಿ, ಬೇರೇನೂ ಬೇಡ. ಗೆಳೆಯನ ನಿಶ್ಚಿತಾರ್ಥದ ರಾತ್ರಿ ನಾನು ಮೂರು ಪೆಗ್ ಹಾಕಿ ಈ ಹಾಡು ಹಾಡಿದೆ. ಎಂಥಾ ಹಾಡಿದೆ ಅಂದುಕೊಂಡೇ ಮಲಗಿದೆ. ಬೆಳಿಗ್ಗೆ ಯಾರೋ ವಿಡಿಯೊ ಕಳಿಸಿದ್ದರು. ಎರಡನೇ ಚರಣವನ್ನು ಮೂರು ಸಲ ಹಾಡಿದ್ದೇನೆ. ಸಿ ಕಾರ್ಡ್ ಬರಲೇ ಇಲ್ಲ, ಪೂರ್ತಿ ಜಿ. ಹಿಂದೆ ಅಡುಗೆಯವರು ಪಾತ್ರೆ ತೊಳೆಯುತ್ತಿದ್ದಾರೆ, ಅವರ ತಾಳ ನನ್ನದಕ್ಕಿಂತ ಸರಿ ಇದೆ.

ಕೊನೆಯ ಚರಣದಲ್ಲಿ ಅವನು ಮನೆ ಗೇಟಿಗೆ ಬರುತ್ತಾನೆ. ಅಲ್ಲಿ ಗಿಟಾರ್ ಪೂರ್ತಿ ನಿಲ್ಲಿಸಿ. ಬರೀ ಬಾಯಲ್ಲಿ, ಮೆತ್ತಗೆ:

ನಾನೇ ಸಾಕಿದ ನಾಯಿ ಕಣಯ್ಯ
ನಂಗೇ ಬೊಗಳ್ತು ನೋಡು.

ಒಂದು ಉಸಿರು ಬಿಡಿ. ಆಮೇಲೆ ಆರನೇ ತಂತಿ ಒಂದೇ ಸಲ ಮೀಟಿ, ಕೈ ತೆಗೆಯಿರಿ.