ದಾರಿಯಲ್ಲೊಂದು ಸಿಂಪಿ ಸಾಕಣೆ: ಇಳಿದು ರುಚಿ ನೋಡುವುದು ಹೇಗೆ?

ಮೊದಲ ಸಲ ಹಸಿ ಸಿಂಪಿ (ಆಯ್ಸ್ಟರ್) ತಿಂದಾಗ ನಾನೂ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಮೇಲೆ ನಿಂಬೆರಸ ಹಿಂಡಿದೆ, ಖಾರದ ಸಾಸ್ ಸುರಿದೆ, ಕಣ್ಣು ಮುಚ್ಚಿ ಗುಳುಂ ಅಂತ ನುಂಗಿದೆ. ಗಂಟಲಲ್ಲಿ ಏನೋ ತಣ್ಣಗೆ ಜಾರಿತು. ನಾಲಿಗೆಯಲ್ಲಿ ಉಳಿದದ್ದು ಸಾಸ್ ಮಾತ್ರ. ಇದಕ್ಕೇನಾ ಇಷ್ಟು ದೂರ ಗಾಡಿ ಓಡಿಸಿಕೊಂಡು ಬಂದಿದ್ದು ಅನ್ನಿಸಿತು. ಚಿಪ್ಪು ಬಿಡಿಸುತ್ತಿದ್ದ ಹೆಂಗಸು ನನ್ನ ಮುಖ ನೋಡಿ ನಕ್ಕರು. ಇನ್ನೊಂದನ್ನು ಕೈಗಿಟ್ಟು, “ಏನೂ ಹಾಕಬೇಡಿ, ಅಗಿದು ತಿನ್ನಿ” ಅಂದರು.

ಅಗಿದ ಮೇಲೆ ಗೊತ್ತಾಯಿತು. ಮೊದಲು ಉಪ್ಪು. ಆಮೇಲೆ ಮೆಲ್ಲಗೆ ಸಿಹಿ. ಕೊನೆಗೆ ಆಗಷ್ಟೇ ಹೆಚ್ಚಿದ ಸೌತೆಕಾಯಿಯಂಥ ಒಂದು ಪರಿಮಳ.

ಸಿಂಪಿ ನೀರನ್ನು ಸೋಸಿ ಬದುಕುವ ಜೀವಿ. ಅದಕ್ಕೆ ಯಾರೂ ಮೇವು ಹಾಕುವುದಿಲ್ಲ. ನೀರಿನಲ್ಲಿ ತೇಲಿ ಬರುವ ಸಣ್ಣ ಸಸ್ಯಕಣಗಳೇ ಅದರ ಊಟ. ಅಮೆರಿಕದ ಪೂರ್ವ ಕರಾವಳಿಯ ಜಾತಿಯನ್ನು ತೆಗೆದುಕೊಂಡರೆ, ಎಲ್ಲವೂ ಅನುಕೂಲವಾಗಿದ್ದಾಗ ಬೆಳೆದ ಒಂದು ಸಿಂಪಿ ದಿನಕ್ಕೆ ಸುಮಾರು 190 ಲೀಟರ್ ನೀರು ಸೋಸಬಲ್ಲದು. ಹಾಗಾಗಿ ನೀವು ತಿನ್ನುವುದು ಸಿಂಪಿಯನ್ನಷ್ಟೇ ಅಲ್ಲ, ಅದು ಬೆಳೆದ ನೀರನ್ನೂ. ನದಿ ಬಂದು ಸೇರುವ ಅಳಿವೆಯಲ್ಲಿ ಬೆಳೆದದ್ದಕ್ಕೆ ಉಪ್ಪು ಕಡಿಮೆ. ತೆರೆದ ಕಡಲಿಗೆ ಹತ್ತಿರವಾದಷ್ಟೂ ಉಪ್ಪು ಜಾಸ್ತಿ. ಒಂದೇ ಜಾತಿಯ ಮರಿಗಳನ್ನು ಬೇರೆ ಬೇರೆ ಕಡೆ ಬಿಟ್ಟರೆ ರುಚಿಯೂ ಬೇರೆಯಾಗುತ್ತದೆ. ಒಂದೇ ಕಡೆ ಕೂತು ಎರಡು ಡಜನ್ ತಿನ್ನುವ ಬದಲು ದಾರಿಯುದ್ದಕ್ಕೂ ಅಲ್ಲಲ್ಲಿ ಇಳಿದು ಸ್ವಲ್ಪ ಸ್ವಲ್ಪ ತಿನ್ನಿ ಅನ್ನುವುದು ಇದಕ್ಕೇ.

ಹೊರಡುವ ಮುನ್ನ

ಒಂದು ಫೋನ್ ಮಾಡಿ. ಎರಡು ವಿಷಯ ಕೇಳಿ. ಇಳಿತ ಎಷ್ಟು ಗಂಟೆಗೆ? ಇತ್ತೀಚೆಗೆ ಜೋರು ಮಳೆ ಬಂದಿದೆಯಾ? ಇಳಿತದ ಹೊತ್ತಿಗೆ ಹೋದರೆ ಸಿಂಪಿ ಬೆಳೆಯುವ ಜಾಗವೇ ಕಣ್ಣಿಗೆ ಬೀಳುತ್ತದೆ. ಉಬ್ಬರದಲ್ಲಿ ಹೋದರೆ ಬರೀ ನೀರು ನೋಡಿ ಬರಬೇಕು. ಮಳೆಯ ಮಾತು ಇನ್ನೂ ಮುಖ್ಯ. ಜೋರು ಮಳೆಯಲ್ಲಿ ನೆಲದ ಕೊಳೆ, ಚರಂಡಿ ನೀರು ಎಲ್ಲ ಕಡಲಿಗೆ ಇಳಿಯುತ್ತದೆ. ಸೋಸಿ ತಿನ್ನುವ ಪ್ರಾಣಿ ಅದನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಅದಕ್ಕೇ ಮಳೆಯ ನಂತರ ಕೆಲವು ದಿನ ಸಿಂಪಿ ತೆಗೆಯುವುದನ್ನೇ ನಿಲ್ಲಿಸಿರುತ್ತಾರೆ. ಸಾಕಣೆ ಮುಚ್ಚಿದೆ ಎಂದರೆ ಗೊಣಗಬೇಡಿ, ಅವರು ಕೆಲಸ ಸರಿಯಾಗಿ ಮಾಡುತ್ತಿದ್ದಾರೆ ಅಂತ ಅರ್ಥ.

ಇಂಗ್ಲಿಷ್ ಹೆಸರಿನಲ್ಲಿ ‘ಆರ್’ ಅಕ್ಷರ ಇರುವ ತಿಂಗಳಲ್ಲಿ ಮಾತ್ರ ಸಿಂಪಿ ತಿನ್ನಬೇಕು ಅಂತ ಒಂದು ಹಳೆಯ ಮಾತಿದೆ. ಅಂದರೆ ಮೇಯಿಂದ ಆಗಸ್ಟ್‌ವರೆಗೆ ಬೇಡ. ಇದು ಭೂಮಿಯ ಉತ್ತರಾರ್ಧದವರ ಲೆಕ್ಕ, ದಕ್ಷಿಣದಲ್ಲಿ ಆ ತಿಂಗಳುಗಳೇ ಚಳಿಗಾಲ. ಮಾತಿನ ಹಿಂದೆ ಕಾರಣ ಇಲ್ಲದಿಲ್ಲ. ನೀರು ಬೆಚ್ಚಗಾದಾಗ ಸಿಂಪಿ ಮರಿ ಮಾಡಲು ಸಿದ್ಧವಾಗುತ್ತದೆ. ಆಗ ಮಾಂಸ ಹಾಲಿನಂತೆ ಬೆಳ್ಳಗಾಗುತ್ತದೆ, ಆಮೇಲೆ ಸೊರಗಿ ನೀರು ನೀರಾಗುತ್ತದೆ. ರೋಗಾಣು ಹೆಚ್ಚುವುದೂ ಬೆಚ್ಚನೆಯ ನೀರಿನಲ್ಲೇ. ಈಗ ಅನೇಕ ಕಡೆ ವರ್ಣತಂತುಗಳ ಎರಡು ಪ್ರತಿಯ ಬದಲು ಮೂರು ಪ್ರತಿ ಇರುವ ಸಿಂಪಿ ಬೆಳೆಸುತ್ತಾರೆ. ಅವು ಮರಿ ಮಾಡುವ ಗೋಜಿಗೆ ಹೋಗುವುದಿಲ್ಲ ಎಂದೇ ಹೇಳಬಹುದು, ಬೇಸಿಗೆಯಲ್ಲೂ ತುಂಬಿಕೊಂಡಿರುತ್ತವೆ. ಆದರೂ ನನ್ನ ಓಟು ಚಳಿಗಾಲಕ್ಕೇ. ಸಿಂಪಿ ಆಗ ಮೈಯಲ್ಲಿ ಗ್ಲೈಕೋಜನ್ ಅನ್ನುವ ಪಿಷ್ಟದಂಥ ವಸ್ತು ಕೂಡಿಟ್ಟುಕೊಂಡಿರುತ್ತದೆ, ಆ ಸಿಹಿ ಬೇಸಿಗೆಯಲ್ಲಿ ಸಿಗುವುದಿಲ್ಲ.

ಯಾರು ಹಸಿಯಾಗಿ ತಿನ್ನಬಾರದು?

ಈ ಭಾಗವನ್ನು ದಯವಿಟ್ಟು ಓದದೆ ದಾಟಬೇಡಿ. ಬೆಚ್ಚನೆಯ ಕಡಲ ನೀರಿನಲ್ಲಿ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ. ಅದು ಸೇರಿಕೊಂಡ ಸಿಂಪಿಯ ವಾಸನೆ, ಬಣ್ಣ, ರುಚಿ ಯಾವುದೂ ಬದಲಾಗುವುದಿಲ್ಲ. ಯಕೃತ್ತಿನ ಕಾಯಿಲೆ ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇದು ಜೀವಕ್ಕೇ ಎರವಾಗಬಹುದು. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರಿಗೂ ಹಸಿ ಸಿಂಪಿ ಬೇಡ. ನಿಂಬೆರಸ, ಖಾರದ ಸಾಸ್, ಮದ್ಯ ಇವುಗಳಿಂದ ರೋಗಾಣು ಸಾಯುತ್ತದೆ ಅನ್ನುವುದು ಶುದ್ಧ ಸುಳ್ಳು. ಸಾಯುವುದು ಬೇಯಿಸಿದರೆ ಮಾತ್ರ. ಕುದಿಯುವ ನೀರಿಗೆ ಹಾಕಿ, ಬಾಯಿ ತೆರೆದ ಮೇಲೂ 3ರಿಂದ 5 ನಿಮಿಷ ಬೇಯಿಸಬೇಕು. ಬೇಯಿಸಿದ ಸಿಂಪಿಯೂ ರುಚಿಯೇ, ಅದೇನೂ ಸೋತವರ ಪಾಲಿನ ಊಟವಲ್ಲ.

ಹೋದ ಕೂಡಲೇ ಮೇಜು ಹಿಡಿಯಬೇಡಿ

ಮೊದಲು ನೀರಿನ ಕಡೆ ನಡೆಯಿರಿ. ಕೆಲವರು ಚೌಕಟ್ಟು ಹೂಡಿ, ಅದರ ಮೇಲೆ ಜಾಳಿಗೆ ಚೀಲಗಳಲ್ಲಿ ಸಿಂಪಿ ಬೆಳೆಸುತ್ತಾರೆ. ಕೆಲವರು ತೇಲುವ ಬುಟ್ಟಿಯಲ್ಲಿ, ಇನ್ನು ಕೆಲವರು ಕಡಲ ತಳದಲ್ಲೇ. ಚೀಲದಲ್ಲಿ ಅಲೆಗೆ ಹೊರಳಾಡಿದ ಸಿಂಪಿಯ ಚಿಪ್ಪಿನ ಅಂಚು ಸವೆಯುತ್ತದೆ. ಉದ್ದಕ್ಕೆ ಬೆಳೆಯುವ ಬದಲು ಬಟ್ಟಲಿನಂತೆ ಆಳವಾಗುತ್ತದೆ, ಮಾಂಸವೂ ತುಂಬಿಕೊಳ್ಳುತ್ತದೆ. ತಟ್ಟೆಗೆ ಬರುವಷ್ಟು ದೊಡ್ಡದಾಗಲು ಹೆಚ್ಚಿನ ಕಡೆ ಒಂದೂವರೆಯಿಂದ ಮೂರು ವರ್ಷ ಬೇಕು.

ಅಲ್ಲಿದ್ದವರನ್ನು ಕೇಳಿ: ಯಾವ ಜಾತಿ, ನೀರಿನಿಂದ ಯಾವತ್ತು ತೆಗೆದದ್ದು? ಸರಿಯಾದ ಉತ್ತರ ಬರಲಿಲ್ಲವೆಂದರೆ ಮುಂದಿನ ಸಾಕಣೆಗೆ ಗಾಡಿ ತಿರುಗಿಸಿ. ಮುತ್ತು ಸಿಗುತ್ತಾ ಅಂತ ಮಾತ್ರ ಕೇಳಬೇಡಿ. ಮುತ್ತಿನ ಸಿಂಪಿಯ ಕುಟುಂಬವೇ ಬೇರೆ.

ಬಿಡಿಸುವುದು

ಬಿಡಿಸಿ ಕೊಡುವವರಿದ್ದರೆ ಮೊದಲೆರಡನ್ನು ಅವರಿಗೇ ಬಿಡಿ, ನೋಡಿ ಕಲಿಯಿರಿ. ಸಿಂಪಿ ಜೀವಂತವಾಗಿರಲೇಬೇಕು. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಸ್ವಲ್ಪ ತೆರೆದಿದ್ದರೆ ಬೆರಳಲ್ಲಿ ತಟ್ಟಿ. ಮುಚ್ಚಿಕೊಳ್ಳದಿದ್ದರೆ ಸತ್ತಿದೆ, ಎಸೆಯಿರಿ.

ಬಟ್ಟಲಿನಂಥ ಚಿಪ್ಪು ಕೆಳಗೆ, ಚಪ್ಪಟೆ ಚಿಪ್ಪು ಮೇಲೆ ಇರಲಿ. ದಪ್ಪ ಬಟ್ಟೆ ಮಡಚಿ ಸಿಂಪಿಯನ್ನು ಮೇಜಿನ ಮೇಲೆ ಒತ್ತಿ ಹಿಡಿಯಿರಿ. ಎರಡು ಚಿಪ್ಪು ಕೂಡುವ ಚೂಪು ತುದಿಯಲ್ಲಿ ಮೊಂಡ ಚೂರಿಯ ತುದಿ ಇಟ್ಟು, ಅಲ್ಲಾಡಿಸುತ್ತಾ ಒಳಗೆ ತೂರಿಸಿ. ಆಮೇಲೆ ಬೀಗದ ಕೈ ತಿರುಗಿಸಿದಂತೆ ತಿರುವಿ. ಟಕ್ ಅಂತ ಬಿಡುತ್ತದೆ. ಬಲಕ್ಕಿಂತ ತಾಳ್ಮೆ ಬೇಕು. ಜೋರು ಮಾಡಿದವರ ಅಂಗೈಗೇ ಚೂರಿ ಹೋಗುವುದು. ಈಗ ಮೇಲಿನ ಚಿಪ್ಪಿಗೆ ತಾಗಿಸಿಕೊಂಡೇ ಚೂರಿ ಆಡಿಸಿ ಸ್ನಾಯು ಕತ್ತರಿಸಿ, ಚಿಪ್ಪು ತೆಗೆಯಿರಿ. ಮಾಂಸದ ಅಡಿಯಲ್ಲೂ ಹಾಗೇ ಬಿಡಿಸಿ. ಒಳಗಿನ ನೀರು ಚೆಲ್ಲದಿರಲಿ.

ಇನ್ನು ತಿನ್ನಿ

ಮೊದಲು ಮೂಸಿ. ಕಡಲ ಗಾಳಿಯ ವಾಸನೆ ಇದ್ದರೆ ಸರಿ, ಮೂಗು ಸಿಂಡರಿಸುವಂತಿದ್ದರೆ ಬೇಡ. ಚಿಪ್ಪಿನೊಳಗಿನ ನೀರನ್ನು ಒಂದು ಗುಟುಕು ಹೀರಿ, ಆಮೇಲೆ ಮಾಂಸ ಬಾಯಿಗೆ ಹಾಕಿಕೊಂಡು ನಾಲ್ಕಾರು ಸಲ ಅಗಿಯಿರಿ. ಉಪ್ಪು ನೀರಿನಲ್ಲೇ ಸಿಗುತ್ತದೆ, ಸಿಹಿ ಅಗಿದರೆ ಮಾತ್ರ. ಪ್ರತಿ ಸಾಕಣೆಯಲ್ಲೂ ಮೊದಲನೆಯದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಎರಡು ಹನಿ ನಿಂಬೆ ಸಾಕು.

ಹಲವು ಜಾತಿ ಸಿಕ್ಕರೆ ಸೌಮ್ಯವಾದದ್ದರಿಂದ ಶುರುಮಾಡಿ. ಜಪಾನ್ ಮೂಲದ ಪೆಸಿಫಿಕ್ ಜಾತಿ ಇಂದು ಲೋಕದ ಮೂಲೆ ಮೂಲೆಯಲ್ಲಿ ಬೆಳೆಯುತ್ತದೆ. ಅದರದ್ದು ಕಲ್ಲಂಗಡಿ, ಸೌತೆಕಾಯಿ ನೆನಪಿಸುವ ರುಚಿ. ಕುಮಾಮೊಟೊ ಅನ್ನುವ ಸಣ್ಣ ಜಾತಿ ಸಿಹಿ, ಹೊಸಬರಿಗೆ ಹೇಳಿಮಾಡಿಸಿದ್ದು. ಯುರೋಪಿನ ಚಪ್ಪಟೆ ಸಿಂಪಿ ಕೊನೆಗಿರಲಿ. ತಾಮ್ರದ ಚೊಂಬನ್ನು ನೆಕ್ಕಿದಂಥ ಒಗರು ಅದು, ತಿಂದ ಎಷ್ಟೋ ಹೊತ್ತಿನವರೆಗೆ ಬಾಯಲ್ಲೇ ಉಳಿಯುತ್ತದೆ. ನನಗೆ ಬಹಳ ಇಷ್ಟ. ಜೊತೆಗಿದ್ದವರು ಅರ್ಧಕ್ಕೇ ನೀರು ಕೇಳಿದರು.

ದಿನಕ್ಕೆ ಮೂರು ಸಾಕಣೆ, ಒಂದೊಂದರಲ್ಲಿ ತಲಾ ಮೂರೋ ನಾಲ್ಕೋ. ಅದಕ್ಕಿಂತ ಜಾಸ್ತಿಯಾದರೆ ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ರುಚಿಯ ಬಗ್ಗೆ ಎರಡು ಸಾಲು ಅಲ್ಲೇ ಬರೆದುಕೊಳ್ಳಿ. ಸಂಜೆಗೆ ಎಲ್ಲ ಕಲಸಿಹೋಗಿರುತ್ತದೆ.

ಕಟ್ಟಿಸಿಕೊಂಡು ಹೋಗುವುದಾದರೆ ಐಸ್ ಪೆಟ್ಟಿಗೆ ಬೇಕು, 5 ಡಿಗ್ರಿಗಿಂತ ಮೇಲೆ ಹೋಗಬಾರದು. ಒದ್ದೆ ಬಟ್ಟೆ ಹೊದಿಸಿ, ಬಟ್ಟಲಿನ ಬದಿ ಕೆಳಗಿರುವಂತೆ ಜೋಡಿಸಿ. ಗಾಳಿಯಾಡದ ಚೀಲದಲ್ಲಿ ಕಟ್ಟಬೇಡಿ, ಉಸಿರುಗಟ್ಟಿ ಸಾಯುತ್ತವೆ. ಕರಗಿದ ಐಸಿನ ನೀರಲ್ಲಿ ಮುಳುಗಿದರೂ ಸಾಯುತ್ತವೆ, ಸಿಹಿನೀರು ಅವಕ್ಕೆ ಆಗುವುದಿಲ್ಲ.

ಖಾಲಿ ಚಿಪ್ಪನ್ನು ಅಲ್ಲೇ ಕೊಟ್ಟು ಬನ್ನಿ. ಹಳೆಯ ಚಿಪ್ಪು ಸಿಕ್ಕರೆ ಸಿಂಪಿಯ ಮರಿ ಅದಕ್ಕೇ ಅಂಟಿಕೊಂಡು ಬೆಳೆಯುತ್ತದೆ, ಹಾಗಾಗಿ ಎಷ್ಟೋ ಕಡೆ ಅವನ್ನು ಒಣಗಿಸಿ ಮತ್ತೆ ನೀರಿಗೆ ಬಿಡುತ್ತಾರೆ. ನಾನು ನೆನಪಿಗಿರಲಿ ಅಂತ ಎರಡು ಚಿಪ್ಪು ಸೀಟಿನ ಕೆಳಗೆ ಇಟ್ಟುಕೊಂಡಿದ್ದೆ. ಮೂರನೇ ದಿನದಿಂದ ಮನೆ ಮುಟ್ಟುವವರೆಗೂ ಕಿಟಕಿ ಇಳಿಸಿಯೇ ಗಾಡಿ ಓಡಿಸಬೇಕಾಯಿತು.