ಹಂಚಿನ ಮನೆಯಲ್ಲಿ ಸಣ್ಣ ಇಲಿ ಹಿಡಿಯುವ ಬಗೆ

ಮೊದಲು ನೋಡಬೇಕಾದ್ದು ಹಿಕ್ಕೆ. ಸಣ್ಣ ಇಲಿಯದು ಅಕ್ಕಿಕಾಳಿನಷ್ಟು, 3ರಿಂದ 6 ಮಿ.ಮೀ., ತುದಿ ಚೂಪು. ಅದರ ಎರಡು-ಮೂರು ಪಟ್ಟು ಉದ್ದವಿದ್ದರೆ ದೊಡ್ಡ ಇಲಿ. ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಹಲ್ಲಿಯದು, ಬಿಟ್ಟುಬಿಡಿ. ಹಿಕ್ಕೆ ಮೆತ್ತಗಿದ್ದರೆ ಹೊಸತು ಎನ್ನುತ್ತಾರೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಳೆಯದೂ ಮೆತ್ತಗೇ ಇರುತ್ತದೆ. ಹಾಗಾಗಿ ನಾನು ಎಲ್ಲ ಒರೆಸಿ, ರಾತ್ರಿ ಗೋಡೆ ಬುಡಕ್ಕೆ ತೆಳುವಾಗಿ ರಂಗೋಲಿ ಹಿಟ್ಟು ಉದುರಿಸುತ್ತೇನೆ. ಬೆಳಿಗ್ಗೆ ಹೆಜ್ಜೆ ಗುರುತು ದಾರಿ ತೋರಿಸುತ್ತದೆ.

ಹಂಚಿನ ಮಾಡನ್ನು ಪೂರ್ತಿ ಮುಚ್ಚಲು ಹೋಗಬೇಡಿ, ಆಗುವ ಕೆಲಸವಲ್ಲ. ಅಡುಗೆಮನೆ, ಉಗ್ರಾಣ ಎರಡನ್ನು ಭದ್ರ ಮಾಡಿದರೆ ಸಾಕು. ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿ.ಮೀ. ಸಂದಿಯಿದ್ದರೆ ಸಣ್ಣ ಇಲಿ ನುಗ್ಗುತ್ತದೆ. ಸಿಂಕಿನ ಪೈಪ್, ಗ್ಯಾಸ್ ಪೈಪ್ ಗೋಡೆ ದಾಟುವಲ್ಲಿ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ನಾರು ತುಕ್ಕು ಹಿಡಿಯದ್ದೇ ಬೇಕು. ಕಾರವಾರದ ಉಪ್ಪುಗಾಳಿಗೆ ಮಾಮೂಲಿ ಕಬ್ಬಿಣದ ನಾರು ಪುಡಿಯಾಗಿ ಉದುರುತ್ತದೆ. ಬಟ್ಟೆ, ಥರ್ಮಾಕೋಲ್, ಫೋಮ್ ಎಲ್ಲವನ್ನೂ ಕಡಿದು ಹಾಕುತ್ತವೆ. ಬಾಗಿಲ ಅಡಿಗೆ ಅಲ್ಯೂಮಿನಿಯಂ ಪಟ್ಟಿ.

ಆಮೇಲೆ ಬೋನು. ಸ್ಪ್ರಿಂಗ್ ಬೋನನ್ನು ಗೋಡೆಗೆ ಅಡ್ಡಲಾಗಿ, ತಿಂಡಿ ಇರುವ ತುದಿ ಗೋಡೆಗೆ ತಾಗುವಂತೆ ಇಡಬೇಕು. ಇಲಿ ಓಡುವುದೇ ಗೋಡೆಗೆ ಮೈ ತಾಗಿಸಿಕೊಂಡು. ಒಂದು ಬೋನು ಸಾಲದು. ಗುರುತು ಕಂಡ ದಾರಿಯಲ್ಲಿ ಎರಡು-ಮೂರು ಮೀಟರಿಗೊಂದು ಇಡಿ, ಏಕೆಂದರೆ ಸಣ್ಣ ಇಲಿ ಗೂಡು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ತಿಂಡಿ ಬಟಾಣಿಯಷ್ಟೇ ಇರಲಿ: ಸುಟ್ಟ ಕೊಬ್ಬರಿ, ಇಲ್ಲವೇ ಒಣ ಸಿಗಡಿ. ದಾರದಿಂದ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಬೋನು ಬಡಿಯುವ ಮೊದಲೇ ಎತ್ತಿಕೊಂಡು ಹೋಗುತ್ತದೆ. ಅಕ್ಕಿ, ಶೇಂಗಾ, ಒಣಮೀನನ್ನು ಡಬ್ಬಿಗೆ ಹಾಕಿ ಮುಚ್ಚದಿದ್ದರೆ ಬೋನಿನ ತುಣುಕು ಅದಕ್ಕೇಕೆ ಬೇಕು?

ವಿಷದ ಪೇಸ್ಟ್ ನಾನು ಮನೆಯೊಳಗೆ ತರುವುದಿಲ್ಲ. ಇಲಿ ಅಟ್ಟದಲ್ಲೋ ಗೋಡೆ ಸಂದಿಯಲ್ಲೋ ಸತ್ತು ನಾರುತ್ತದೆ. ಹಳದಿ ರಂಜಕದ ಪೇಸ್ಟ್ ಮಕ್ಕಳ ಬಾಯಿಗೆ ಹೋದರೆ ಅದಕ್ಕೆ ಪ್ರತಿವಿಷವೂ ಇಲ್ಲ. ಅಂಟಿನ ಹಾಳೆಗೆ ಹಲ್ಲಿಯೂ ಅಂಟುತ್ತದೆ, ಇಲಿ ಗಂಟೆಗಟ್ಟಲೆ ಒದ್ದಾಡುತ್ತದೆ.

ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ ಐದು ನಿಮಿಷ ಬಿಟ್ಟು, ಕೈಗವಸು ಹಾಕಿ ಕಾಗದದಲ್ಲಿ ಒರೆಸಿ ತೆಗೆಯಿರಿ. ಇಲಿಜ್ವರ ಹರಡುವುದು ಮೂತ್ರದಿಂದ, ಹೆಚ್ಚಾಗಿ ಕೈಕಾಲಿನ ಗಾಯದ ಮೂಲಕ. ಗಾಯವಿದ್ದವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.