ಬೆಟಗೇರಿಯ ಸರ್ವರ್‌ಗೆ ಹುಬ್ಬಳ್ಳಿಯಿಂದಲೇ ಕೀಲಿ ಒತ್ತುವುದು ಹೇಗೆ?

ಮದುವೆ ಹಂಗಾಮು. ಬೆಳಗ್ಗೆ ಆರೂವರೆಗೆ ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸೊಂದರಿಂದ ಫೋನು. ರಾತ್ರಿ ಕರೆಂಟ್ ಹೋಗಿ ಬಂದಿತ್ತಂತೆ. ‘ಸರ, ಸರ್ವರ್ ಚಾಲೂ ಆಗೇತ್ರಿ, ಫ್ಯಾನ್ ತಿರಗಾಕತ್ತಾವ್ರಿ. ಆದ್ರ ಒಂದು ಫೈಲೂ ತೆರೀವಲ್ದು. ಮುಂದಿನ ಲೈಟ್ ಹಳದಿ ಮಿಣಕಾಕತ್ತೇತಿ.’ ಅದಕ್ಕೆ ಮಾನಿಟರೂ ಇಲ್ಲ, ಕೀಬೋರ್ಡೂ ಇಲ್ಲ. ಬಸ್ಸು ಹತ್ತಿ ಸುಮಾರು 60 ಕಿ.ಮೀ. ಹೋಗಿ, ಡಿಟಿಪಿ ಟೇಬಲ್ಲಿನ ಮಾನಿಟರ್ ಕಿತ್ತು ಜೋಡಿಸಿದೆ. ಎರಡು ಪವರ್ ಸಪ್ಲೈಗಳಲ್ಲಿ ಒಂದು ಕೆಟ್ಟಿದೆ, ಮುಂದುವರಿಯಲು ಎಫ್1 ಒತ್ತಿ ಅಂತ ಪರದೆ ಮೇಲಿತ್ತು. ಒತ್ತಿದೆ. ಕೆಲಸ ಮುಗಿಯಿತು. ಮಿರ್ಚಿ ಭಜಿ ತಿಂದು ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ.

ಈ ಓಡಾಟ ತಪ್ಪಿಸುವ ಸಲಕರಣೆ ಆ ಸರ್ವರ್ ಒಳಗೇ ಇತ್ತು. ಅದಕ್ಕೆ ಕೇಬಲ್ ಹಾಕದೆ ಬಿಟ್ಟವನು ನಾನೇ.

ಸರ್ವರ್‌ನ ಮದರ್‌ಬೋರ್ಡ್ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಬೇರೆಯೇ ಇರುತ್ತದೆ. ಡೆಲ್‌ನಲ್ಲಿ ಅದರ ಹೆಸರು ಐಡ್ರಾಕ್, ಎಚ್‌ಪಿಇಯಲ್ಲಿ ಐಎಲ್‌ಒ; ಸೂಪರ್‌ಮೈಕ್ರೊ ಬಳಸುವವರು ಐಪಿಎಂಐ ಎಂದೇ ಕರೆಯುತ್ತಾರೆ. ಸರ್ವರ್ ಆಫ್ ಇದ್ದರೂ ಪ್ಲಗ್ಗಿನಲ್ಲಿ ಕರೆಂಟ್ ಇದ್ದರೆ ಇದು ಎಚ್ಚರ. ರಿಮೋಟ್ ಡೆಸ್ಕ್‌ಟಾಪ್ ನಡೆಯಬೇಕಾದರೆ ವಿಂಡೋಸ್ ಏಳಬೇಕು. ಬಿಎಂಸಿಗೆ ಆ ಹಂಗಿಲ್ಲ, ವಿಂಡೋಸ್‌ಗೂ ಮೊದಲು ಬರುವ ಬಯೋಸ್ ಪರದೆಯನ್ನೇ ತೋರಿಸುತ್ತದೆ.

ಮೊದಲು ಸರ್ವರ್‌ನ ಹಿಂಬದಿ ನೋಡಿ. ಉಳಿದವುಗಳಿಂದ ಬೇರೆಯಾಗಿ ಒಂದು ಲ್ಯಾನ್ ಪೋರ್ಟ್ ಇರುತ್ತದೆ. ಡೆಲ್‌ನಲ್ಲಿ ಅದರ ಮೇಲೆ ಪಾನಾ ಚಿತ್ರ ಇರುತ್ತದೆ. ಅಲ್ಲಿಂದ ನೆಟ್‌ವರ್ಕ್ ಸ್ವಿಚ್ಚಿಗೆ ಕೇಬಲ್ ಎಳೆಯಿರಿ. ಸ್ವಿಚ್ಚು, ರೌಟರ್, ಫೈಬರ್ ಮೋಡೆಮ್ ಮೂರೂ ಯುಪಿಎಸ್ ಮೇಲಿರಲಿ.

ಮುಂದೆ ವಿಳಾಸ. ಸರ್ವರ್ ಶುರುವಾಗುವಾಗ ಡೆಲ್‌ನಲ್ಲಿ ಎಫ್2, ಎಚ್‌ಪಿಇಯಲ್ಲಿ ಎಫ್9 ಒತ್ತಿ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ. ರೌಟರ್ ತಾನಾಗಿ ಹಂಚುವ ವಿಳಾಸಗಳ ಪಟ್ಟಿಯಲ್ಲಿ ಇಲ್ಲದ ಒಂದು ಐಪಿ, ಉದಾಹರಣೆಗೆ 192.168.1.250, ಕಾಯಂ ಆಗಿ ಕೊಡಿ. ಅದನ್ನು ಪ್ರೆಸ್ಸಿನ ಯಾವುದಾದರೂ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಹಾಕಿದರೆ ಲಾಗಿನ್ ಪುಟ ಬರುತ್ತದೆ.

ಲಾಗಿನ್ ಆದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಹಳೆಯ ಡೆಲ್‌ಗಳ ‘ರೂಟ್’, ‘ಕ್ಯಾಲ್ವಿನ್’ ಜೋಡಿ ಜಗತ್ತಿಗೇ ಗೊತ್ತು. ‘ಐಪಿಎಂಐ ಓವರ್ ಲ್ಯಾನ್’ (ನೆಟ್‌ವರ್ಕ್ ಮೂಲಕ ಬಿಎಂಸಿಗೆ ಆಜ್ಞೆ ಕೊಡುವ ಪ್ರೋಟೊಕಾಲ್) ಎಂಬುದನ್ನು ಆಫ್ ಮಾಡಿ: ಲಾಗಿನ್ ಮುಗಿಯುವ ಮೊದಲೇ ಪಾಸ್‌ವರ್ಡಿನ ಹ್ಯಾಶ್ ಅನ್ನು, ಅಂದರೆ ಅದರಿಂದ ಲೆಕ್ಕ ಹಾಕಿದ ಗುರುತನ್ನು, ಕೇಳಿದವರಿಗೆ ಕೊಟ್ಟುಬಿಡುವ ದೋಷ ಆ ಪ್ರೋಟೊಕಾಲ್‌ನ ರಚನೆಯಲ್ಲೇ ಇದೆ. ಬ್ರೌಸರ್‌ನಲ್ಲಿ ಕೆಲಸ ಮಾಡುವವರಿಗೆ ಅದರ ಅಗತ್ಯವೂ ಇಲ್ಲ.

ಆಮೇಲೆ ವರ್ಚುವಲ್ ಕನ್ಸೋಲ್, ಅಂದರೆ ಸರ್ವರ್‌ನ ಪರದೆ, ಕೀಬೋರ್ಡು ಎರಡನ್ನೂ ಬ್ರೌಸರ್‌ಗೆ ತರುವ ಕಿಟಕಿ. ಪ್ಲಗ್‌ಇನ್ ಆಯ್ಕೆಯಲ್ಲಿ ಜಾವಾ ಬಿಟ್ಟು ಎಚ್‌ಟಿಎಂಎಲ್5 ಆರಿಸಿ. ಡೆಲ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವವರು ರ‍್ಯಾಮ್ ಎಷ್ಟು ಅಂತ ಕೇಳುವ ಮೊದಲು ಇದನ್ನು ಕೇಳಬೇಕು. ಎಚ್‌ಪಿಇಯ ಪ್ರೊಲಯಂಟ್ ಡಿಎಲ್, ಎಂಎಲ್ ಯಂತ್ರಗಳಲ್ಲಿ ಲೈಸೆನ್ಸ್ ಇಲ್ಲದಿದ್ದರೂ ಆಪರೇಟಿಂಗ್ ಸಿಸ್ಟಮ್ ಶುರುವಾಗುವ ತನಕ ಪರದೆ ಕಾಣುತ್ತದೆ. ಎಫ್1 ಒತ್ತಲು ಅಷ್ಟು ಸಾಕು.

ಇನ್ನು ಹುಬ್ಬಳ್ಳಿಯಿಂದ ಅಲ್ಲಿಗೆ ದಾರಿ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಬಿಎಂಸಿಯನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಅದು ಕೈಗೆ ಸಿಕ್ಕವನಿಗೆ ಸರ್ವರ್ ಪೂರ್ತಿ ಸಿಕ್ಕಂತೆ. ಇಂಟರ್ನೆಟ್ಟಿನೊಳಗೆ ನಿಮಗಷ್ಟೇ ತೆರೆಯುವ ಗುಪ್ತ ದಾರಿಯಾದ ವಿಪಿಎನ್ ಹಾಕಿ, ಅದರಲ್ಲಿ ನನಗೆ ವೈರ್‌ಗಾರ್ಡ್ ಹಿಡಿಸಿದೆ. ಆದರೆ ಅದನ್ನು ಎಲ್ಲಿ ಹಾಕುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಮೊದಲ ಸಲ ನಾನು ಅದನ್ನು ಆ ಸರ್ವರ್ ಮೇಲೆಯೇ ಹಾಕಿದ್ದೆ. ಸರ್ವರ್ ಮಲಗಿದಾಗ ವಿಪಿಎನ್ನೂ ಮಲಗಿತು. ಮನಿ ಕೀಲಿ ಒಳಗ ಇಟ್ಟು ಹೊರಗಿಂದ ಬಾಗಲಾ ಎಳಕೊಂಡಂಗಾತು! ಈಗ ಅದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೇರೆ ಕಂಪ್ಯೂಟರ್ ಮೇಲಿದೆ. ವಿಪಿಎನ್ ಸೌಲಭ್ಯ ಇರುವ ರೌಟರ್ ಆದರೂ ನಡೆಯುತ್ತದೆ.

ರೌಟರ್‌ನ ಹೊರಗಿನ ವಿಳಾಸವನ್ನೂ ನೋಡಿಕೊಳ್ಳಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮ ಪಬ್ಲಿಕ್ ವಿಳಾಸವನ್ನು ಬೇರೆ ಗ್ರಾಹಕರ ಜೊತೆ ಹಂಚಿಕೊಂಡಿದ್ದೀರಿ, ಹೊರಗಿನಿಂದ ನೇರ ಕರೆ ಬರುವುದಿಲ್ಲ. ನಿಮಗಷ್ಟೇ ಸೇರಿದ ಕಾಯಂ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ ಕೊಳ್ಳಿ. ಇಲ್ಲವೇ ಟೇಲ್‌ಸ್ಕೇಲ್‌ನಂಥ ವಿಪಿಎನ್ ಸೇವೆ ಬಳಸಿ, ಅದು ಒಳಗಿನಿಂದಲೇ ಸಂಪರ್ಕ ಕಟ್ಟಿಕೊಳ್ಳುತ್ತದೆ.

ಕೊನೆಗೆ ಬಯೋಸ್‌ನಲ್ಲಿ ಎರಡು ಬದಲಾವಣೆ. ‘ಎಸಿ ಪವರ್ ರಿಕವರಿ’ಯನ್ನು ‘ಆನ್’ಗೆ ಇಡಿ; ಕರೆಂಟ್ ಬಂದಾಗ ಸರ್ವರ್ ತಾನೇ ಏಳುತ್ತದೆ. ಡೆಲ್‌ನಲ್ಲಿ ‘ಎಫ್1/ಎಫ್2 ಪ್ರಾಂಪ್ಟ್ ಆನ್ ಎರರ್’ ಆಫ್ ಮಾಡಿದರೆ ಇಂಥ ತಪ್ಪಿಗೆ ಕೀಲಿಗಾಗಿ ಕಾಯುತ್ತ ಕೂರುವುದಿಲ್ಲ. ಆದರೆ ಆಗ ಕೆಟ್ಟ ಪವರ್ ಸಪ್ಲೈ ಯಾರ ಕಣ್ಣಿಗೂ ಬೀಳದೆ ಹೋದೀತು. ಬಿಎಂಸಿಯಿಂದ ನಿಮಗೆ ಇಮೇಲ್ ಬರುವ ವ್ಯವಸ್ಥೆಯನ್ನೂ ಅದೇ ದಿನ ಮಾಡಿ.

ಪರೀಕ್ಷೆಯನ್ನು ಪ್ರೆಸ್ಸಿನ ವೈಫೈಯಿಂದ ಮಾಡಿದರೆ ಏನೂ ತಿಳಿಯುವುದಿಲ್ಲ. ಊರಿಗೆ ಬಂದು, ಮೊಬೈಲ್ ಡೇಟಾದಿಂದ ಸರ್ವರ್ ಆಫ್ ಮಾಡಿ, ಆನ್ ಮಾಡಿ, ಬಯೋಸ್ ಪರದೆ ಕಂಡರೆ ಸರಿ. ಅಪರೂಪಕ್ಕೆ ಐಡ್ರಾಕೇ ಹ್ಯಾಂಗ್ ಆಗುವುದುಂಟು. ಆಗ ಡಿಟಿಪಿ ಹುಡುಗನಿಗೆ ಫೋನ್ ಹಚ್ಚುತ್ತೇನೆ: ‘ತಮ್ಮಾ, ಸರ್ವರ್ ಮುಂದ ಐ ಅಂತ ಒಂದು ಗುಂಡಿ ಐತಲ್ಲ, ಇಪ್ಪತ್ತು ಎಣಸೂ ಮಟಾ ಒತ್ತಿ ಹಿಡಿ. ಬಾಜೂಕಿನ ಪವರ್ ಗುಂಡಿ ಮುಟ್ಟಬ್ಯಾಡ.’